ಟೋಕಿಯೋದಲ್ಲಿ ಹುಟ್ಟಿದ ಆಕ್ಸ್‌ಫರ್ಡ್ ಡಿಕ್ಷನರಿ: ಎ. ಎಸ್. ಹಾರ್ನ್‌ಬಿ ಕಥೆ

ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ನೋಡದೇ ಇರೋರು ನಮ್ಮ ಕ್ಯಾಂಪಸ್‌ನಲ್ಲಿ ಕಡಿಮೆ. ಲೈಬ್ರರಿಯ ರೆಫರೆನ್ಸ್ ಸೆಕ್ಷನ್‌ನಲ್ಲಿ ದಪ್ಪ ಪುಸ್ತಕವಾಗಿ ನೋಡಿರ್ತೀರಿ, ಇಲ್ಲಾಂದ್ರೆ ಫೋನಿನಲ್ಲಿ ಆ್ಯಪ್ ಆಗಿ. ಹೆಸರಲ್ಲಿ ಆಕ್ಸ್‌ಫರ್ಡ್ ಇದೆ, ಹಾಗಾಗಿ ಇಂಗ್ಲೆಂಡಿನ ಯಾವುದೋ ಹಳೇ ಕಲ್ಲಿನ ಕಟ್ಟಡದಲ್ಲಿ ಪ್ರೊಫೆಸರ್‌ಗಳು ಕೂತು ಬರೆದಿರಬೇಕು ಅಂತ ಯಾರಿಗಾದ್ರೂ ಅನಿಸುತ್ತೆ. ಆದ್ರೆ ಈ ಡಿಕ್ಷನರಿ ಮೊದಲು ಪ್ರಿಂಟ್ ಆಗಿದ್ದು ಟೋಕಿಯೋದಲ್ಲಿ. ವರ್ಷ 1942. ಜಪಾನ್ ಮತ್ತು ಬ್ರಿಟನ್ ಪರಸ್ಪರ ಯುದ್ಧ ಮಾಡ್ತಾ ಇದ್ದ ವರ್ಷ ಅದು. ಶತ್ರು ದೇಶದ ರಾಜಧಾನಿಯಲ್ಲಿ, ಶತ್ರು ಭಾಷೆಯ ಡಿಕ್ಷನರಿ, ಶತ್ರು ದೇಶದವರೇ ಬರೆದದ್ದು ಅಚ್ಚಾಯಿತು.

ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿ. ಕನ್ನಡ ಕ್ಲಬ್ಬಿನ ಮ್ಯಾಗಜೀನ್‌ನಲ್ಲಿ ಇಂಗ್ಲಿಷ್ ಗ್ರಾಮರ್ ಬರೆದವರ ಕಥೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಜನ ಒಳ್ಳೇ ಕೋಡರ್‌ಗಳು, ಸರ್ಕ್ಯೂಟ್ ನೋಡಿದ ತಕ್ಷಣ ತಪ್ಪು ಹಿಡಿಯೋರು, ಆದ್ರೆ ಗ್ರೂಪ್ ಡಿಸ್ಕಷನ್ ಅಂದ ಕೂಡಲೇ ಸೈಲೆಂಟ್. ಪದ ಗೊತ್ತಿರುತ್ತೆ, ಅದರ ಅರ್ಥ ಗೊತ್ತಿರುತ್ತೆ, ವಾಕ್ಯ ಮಾಡುವಾಗ ಎಲ್ಲೋ ಕೈಕೊಡುತ್ತೆ. ಪಕ್ಕದವರು ನಕ್ಕರೆ ತಮಗೇ ಬುದ್ಧಿ ಕಮ್ಮಿ ಅಂದುಕೊಂಡು ಸುಮ್ಮನಾಗಿಬಿಡ್ತಾರೆ. ನಕ್ಕವರ ಬಾಯಲ್ಲೂ 'ಡಿಸ್ಕಸ್ ಅಬೌಟ್' ದಿನಕ್ಕೆ ನಾಲ್ಕು ಸಲ ಬರುತ್ತೆ, ಅದು ಬೇರೆ ಮಾತು. ಈ ತರಹದ ತಪ್ಪಿಗೆ ಕಾರಣ ಬುದ್ಧಿಯಲ್ಲಿಲ್ಲ, ಪುಸ್ತಕದಲ್ಲಿ ಇರಬೇಕಾದ ಒಂದು ಮಾಹಿತಿ ಇಲ್ಲದೇ ಇರೋದರಲ್ಲಿದೆ. ಆ ಮಾಹಿತಿಯನ್ನ ಒಂದೊಂದೇ ಪದಕ್ಕೆ ಬರೆದಿಡೋಕೆ ಕೂತ ಮನುಷ್ಯ ಹಾರ್ನ್‌ಬಿ.

ಅವರು ಹುಟ್ಟಿದ್ದು 1898ರ ಆಗಸ್ಟ್ 10ರಂದು, ಇಂಗ್ಲೆಂಡಿನ ಚೆಸ್ಟರ್ ಎಂಬ ಊರಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯ ಓದಿ 1922ರಲ್ಲಿ ಡಿಗ್ರಿ ಪಡೆದರು. ಇಲ್ಲಿಯವರೆಗೆ ವಿಶೇಷ ಏನೂ ಇಲ್ಲ. ವಿಶೇಷ ಶುರುವಾಗೋದು 1924ರಲ್ಲಿ. ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದಲ್ಲಿ ಓಯಿಟಾ ಅಂತ ಒಂದು ಊರು. ಅಲ್ಲಿನ ಹೈಯರ್ ಕಮರ್ಷಿಯಲ್ ಸ್ಕೂಲಿಗೆ, ಅಂದ್ರೆ ವ್ಯಾಪಾರ ವಾಣಿಜ್ಯ ಕಲಿಸೋ ಕಾಲೇಜಿಗೆ, ಇಂಗ್ಲಿಷ್ ಮೇಷ್ಟ್ರಾಗಿ ಹೋದರು. ಆಗ ಅವರಿಗೆ ಇಪ್ಪತ್ತೈದು ದಾಟಿತ್ತು ಅಷ್ಟೇ.

ಕರೆಸಿಕೊಂಡಿದ್ದು ಇಂಗ್ಲಿಷ್ ಸಾಹಿತ್ಯ ಪಾಠ ಮಾಡೋಕೆ. ಕ್ಲಾಸಿಗೆ ಹೋದ ಮೇಲೆ ಅವರಿಗೆ ಗೊತ್ತಾಗಿದ್ದು, ಹುಡುಗರಿಗೆ ಬೇಕಾಗಿರೋದು ಸಾಹಿತ್ಯ ಅಲ್ಲ, ಭಾಷೆ. ಆ ಕಾಲದ ಜಪಾನಿನಲ್ಲಿ ಇಂಗ್ಲಿಷ್ ಅಂದ್ರೆ ಹೆಚ್ಚಾಗಿ ಪುಸ್ತಕದಿಂದ ಜಪಾನೀಸ್‌ಗೆ ಪದಕ್ಕೆ ಪದ ಇಟ್ಟು ಅನುವಾದ ಮಾಡೋದು. ಓದಿ ಅರ್ಥ ಮಾಡಿಕೊಳ್ಳೋಕೆ ಅದು ಹೇಗೋ ನಡೆಯುತ್ತೆ. ತಾನೇ ಒಂದು ವಾಕ್ಯ ಬರೆಯಬೇಕು, ಒಂದು ಲೆಟರ್ ಬರೆಯಬೇಕು ಅಂದ್ರೆ ನಡೆಯಲ್ಲ.

ಯಾಕೆ ನಡೆಯಲ್ಲ ಅನ್ನೋದೇ ಈ ಕಥೆಯ ತಿರುಳು, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲೋಣ.

'ವಾಂಟ್' ಅನ್ನೋ ವರ್ಬ್ ತಗೊಳ್ಳಿ. 'ಐ ವಾಂಟ್ ಹಿಮ್ ಟು ಕಮ್' ಅಂತೀವಿ, ಸರಿ ಇದೆ. 'ಐ ಆಸ್ಕ್ಡ್ ಹಿಮ್ ಟು ಕಮ್', 'ಐ ಅಡ್ವೈಸ್ಡ್ ಹಿಮ್ ಟು ಕಮ್', 'ಐ ಟೋಲ್ಡ್ ಹಿಮ್ ಟು ಕಮ್', ಎಲ್ಲಾ ಸರಿ. ಈಗ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಿ: 'ಐ ಸಜೆಸ್ಟೆಡ್ ಹಿಮ್ ಟು ಕಮ್'. ತಪ್ಪು. 'ಐ ಹೋಪ್ ಹಿಮ್ ಟು ಕಮ್'. ಅದೂ ತಪ್ಪು. ಅಡ್ವೈಸ್‌ಗೂ ಸಜೆಸ್ಟ್‌ಗೂ ಅರ್ಥದಲ್ಲಿ ಎಷ್ಟು ವ್ಯತ್ಯಾಸ ಇದೆ ಹೇಳಿ? ಎರಡೂ ಸಲಹೆ ಕೊಡೋದೇ. ಆದ್ರೆ ಸಜೆಸ್ಟ್ ಆದಮೇಲೆ 'ದಟ್' ಬರಬೇಕು ಇಲ್ಲಾ 'ಇಂಗ್' ರೂಪ ಬರಬೇಕು. 'ಐ ಸಜೆಸ್ಟೆಡ್ ದಟ್ ಹೀ ಕಮ್' ಅನ್ನಬೇಕು. ಹಾಗೇ 'ಟೆಲ್ ಮೀ ದ ಆನ್ಸರ್' ಸರಿ, 'ಎಕ್ಸ್‌ಪ್ಲೇನ್ ಮೀ ದ ಆನ್ಸರ್' ತಪ್ಪು. 'ಎಕ್ಸ್‌ಪ್ಲೇನ್ ದ ಆನ್ಸರ್ ಟು ಮೀ' ಆಗಬೇಕು. 'ಟಾಕ್ ಅಬೌಟ್' ಸರಿ, 'ಡಿಸ್ಕಸ್ ಅಬೌಟ್' ತಪ್ಪು, ಆದ್ರೆ 'ಡಿಸ್ಕಷನ್ ಅಬೌಟ್' ಮತ್ತೆ ಸರಿ! ವರ್ಬ್ ನೌನ್ ಆದ ತಕ್ಷಣ ರೂಲ್ ಚೇಂಜ್. 'ಹೀ ಮೇಡ್ ಮೀ ವೇಟ್' ಅನ್ನುವಾಗ 'ಟು' ಬರಂಗಿಲ್ಲ, 'ಹೀ ಫೋರ್ಸ್ಡ್ ಮೀ ಟು ವೇಟ್' ಅನ್ನುವಾಗ ಬರಲೇಬೇಕು, 'ಐ ವಾಸ್ ಮೇಡ್ ಟು ವೇಟ್' ಅಂತ ತಿರುಗಿಸಿದರೆ ಇಲ್ಲದಿದ್ದ 'ಟು' ವಾಪಸ್ ಬರುತ್ತೆ. ನಮಗಾದ್ರೆ 'ಕಾಯಿಸಿದ' ಅಂದ್ರೆ ಮುಗೀತು, ಒಂದು 'ಇಸು' ಸೇರಿಸಿದ್ರೆ ಸಾಕು.

ಇಂಗ್ಲಿಷ್ ಮಾತಾಡೋರಿಗೆ ಇದರಲ್ಲಿ ಯಾವುದೂ ಕಷ್ಟ ಅಂತ ಅನ್ನಿಸೋದೇ ಇಲ್ಲ. ಯಾಕೆ ತಪ್ಪು ಅಂತ ಕೇಳಿದರೆ ಅವರಿಗೂ ಹೇಳೋಕೆ ಬರಲ್ಲ, ಕೇಳೋಕೆ ಸರಿ ಇಲ್ಲ ಅಂತಾರೆ ಅಷ್ಟೇ. ನಮ್ಮದೂ ಅದೇ ಕಥೆ. ಹಾಸ್ಟೆಲ್‌ನಲ್ಲಿ ಬೇರೆ ರಾಜ್ಯದಿಂದ ಬಂದು ಕನ್ನಡ ಕಲೀತಾ ಇರೋರನ್ನ ಗಮನಿಸಿ. 'ನಾನು ಗೊತ್ತಿಲ್ಲ' ಅಂತಾರೆ. 'ಗೊತ್ತು' ಅಂದ್ರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದೇ ಇರೋದು, ಆ ಪದದ ಜೊತೆ 'ನಾನು' ನಿಲ್ಲಲ್ಲ, 'ನನಗೆ' ಬರಬೇಕು ಅನ್ನೋದು. ಹಾಗಂತ ರೂಲ್ ಮಾಡಿಕೊಟ್ಟರೆ, 'ಬಲ್ಲೆ' ಅನ್ನೋದಕ್ಕೆ 'ನಾನು ಬಲ್ಲೆ' ಅಂತಲೇ ಹೇಳಬೇಕು, 'ನನಗೆ ಬಲ್ಲೆ' ಆಗಲ್ಲ. ಅರ್ಥ ಒಂದೇ, ವಿಭಕ್ತಿ ಬೇರೆ. ನಾವು ನಿದ್ದೆ ಮಾಡ್ತೀವಿ, ಕನಸು ಕಾಣ್ತೀವಿ, ಗೊರಕೆ ಹೊಡೀತೀವಿ. ಯಾಕೆ ಹಾಗೆ ಅಂತ ಕೇಳಿದರೆ ಏನು ಉತ್ತರ ಕೊಡೋದು?

ಹಾರ್ನ್‌ಬಿಯ ದೊಡ್ಡತನ ನನಗೆ ಕಾಣೋದು ಇಲ್ಲೇ. ತನ್ನ ಮಾತೃಭಾಷೆಯನ್ನ ಹೊರಗಿನವರ ಕಣ್ಣಿಂದ ನೋಡೋಕೆ ಓಯಿಟಾದ ಹುಡುಗರಿಂದ ಅವರು ಕಲಿತರು.

ಅದೇ ಸಮಯದಲ್ಲಿ ಟೋಕಿಯೋದಲ್ಲಿ ಹೆರಾಲ್ಡ್ ಪಾಮರ್ ಅನ್ನೋ ಇನ್ನೊಬ್ಬ ಇಂಗ್ಲಿಷಿನವರಿದ್ದರು. ಜಪಾನ್ ಸರ್ಕಾರದ ಶಿಕ್ಷಣ ಇಲಾಖೆಗೆ ಭಾಷಾ ಸಲಹೆಗಾರರಾಗಿ 1922ರಲ್ಲಿ ಬಂದವರು. 1923ರಲ್ಲಿ ಇಂಗ್ಲಿಷ್ ಕಲಿಸೋ ಬಗ್ಗೆ ಸಂಶೋಧನೆ ಮಾಡೋ ಸಂಸ್ಥೆ ಒಂದನ್ನ ಅಲ್ಲಿ ಶುರು ಮಾಡಿದ್ದರು. ಇನ್‌ಸ್ಟಿಟ್ಯೂಟ್ ಫಾರ್ ರಿಸರ್ಚ್ ಇನ್ ಇಂಗ್ಲಿಷ್ ಟೀಚಿಂಗ್ ಅಂತ ಹೆಸರು. ಇವತ್ತು ನಾವು ಡೇಟಾಸೆಟ್ ಅಂತ ಕರೀತೀವಲ್ಲ, ಅಂಥದ್ದನ್ನ ಕೈಯಲ್ಲಿ ಕಾರ್ಡ್ ಬರೆದು ಬರೆದು ಕೂಡಿಸ್ತಾ ಇದ್ದ ಜಾಗ ಅದು. ಯಾವ ಪದ ಜಾಸ್ತಿ ಬಳಕೆಯಲ್ಲಿದೆ, ಯಾವ ಪದದ ಜೊತೆ ಯಾವ ಪದ ಜೋಡಿಯಾಗಿ ಬರುತ್ತೆ ಅಂತ ಪಟ್ಟಿ ಮಾಡೋದು. ಓಯಿಟಾದಿಂದ ಹಾರ್ನ್‌ಬಿ ಇವರಿಗೆ ಪತ್ರ ಬರೆಯೋಕೆ ಶುರು ಮಾಡಿದರು, ನಿಧಾನಕ್ಕೆ ಕೆಲಸಕ್ಕೂ ಸೇರಿಕೊಂಡರು. 'ಮೇಕ್ ಎ ಮಿಸ್ಟೇಕ್' ಅಂತೀವಿ, 'ಡು ಎ ಮಿಸ್ಟೇಕ್' ಅನ್ನಲ್ಲ. ಇಂಥ ಜೋಡಿಗಳ ಬಗ್ಗೆ 1933ರಲ್ಲಿ ಆ ಸಂಸ್ಥೆ ಒಂದು ದೊಡ್ಡ ವರದಿ ತಂದಿತು. ಅದರ ಕೆಲಸದಲ್ಲಿ ಹಾರ್ನ್‌ಬಿ ಕೈ ದೊಡ್ಡದು. ಕೆಲವೇ ದಿನದಲ್ಲಿ ಅವರು ಓಯಿಟಾ ಬಿಟ್ಟು ಟೋಕಿಯೋಗೇ ಬಂದರು. 1936ರಲ್ಲಿ ಪಾಮರ್ ಇಂಗ್ಲೆಂಡಿಗೆ ವಾಪಸಾದ ಮೇಲೆ ಸಂಸ್ಥೆಯ ಪತ್ರಿಕೆ, ಸಂಶೋಧನೆ ಎಲ್ಲಾ ಹಾರ್ನ್‌ಬಿ ಹೆಗಲಿಗೆ ಬಂತು.

ಪಾಮರ್ ಆಗಲೇ ಒಂದು ಐಡಿಯಾ ಇಟ್ಟಿದ್ದರು. ವರ್ಬ್‌ಗಳ ನಡವಳಿಕೆ ನೋಡೋಕೆ ಹುಚ್ಚುಹುಚ್ಚಾಗಿ ಕಂಡರೂ, ಅವು ನಡೆಯೋ ದಾರಿಗಳ ಸಂಖ್ಯೆಗೆ ಒಂದು ಮಿತಿ ಇದೆ. ಹಾರ್ನ್‌ಬಿ ಆ ದಾರಿಗಳನ್ನ ಹೊಸದಾಗಿ ಕೂಡಿಸಿ ಕಳೆದು 25 ವರ್ಬ್ ಪ್ಯಾಟರ್ನ್‌ಗಳಿಗೆ ಇಳಿಸಿದರು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಫಂಕ್ಷನ್ ಡಿಕ್ಲರೇಷನ್. ಸಿ ಪ್ರೋಗ್ರಾಂನಲ್ಲಿ ಒಂದು ಫಂಕ್ಷನ್ ಏನು ಮಾಡುತ್ತೆ ಅಂತ ಗೊತ್ತಿದ್ದರೆ ಸಾಲಲ್ಲ. ಅದಕ್ಕೆ ಎಷ್ಟು ಆರ್ಗ್ಯುಮೆಂಟ್ ಕೊಡಬೇಕು, ಯಾವ ಟೈಪ್, ಯಾವ ಆರ್ಡರ್ ಅಂತಲೂ ಗೊತ್ತಿರಬೇಕು. ಇಲ್ಲಾಂದ್ರೆ ಕಂಪೈಲರ್ ಬೈಯುತ್ತೆ. 'ಗಿವ್' ಅನ್ನೋದು ಎರಡು ಆಬ್ಜೆಕ್ಟ್ ತಗೊಳ್ಳೋ ವರ್ಬ್, ಯಾರಿಗೆ ಮತ್ತು ಏನು. 'ಎಂಜಾಯ್' ಒಂದು ನೌನ್ ತಗೊಳ್ಳುತ್ತೆ, ಇಲ್ಲಾಂದ್ರೆ 'ಇಂಗ್' ರೂಪ ತಗೊಳ್ಳುತ್ತೆ, 'ಟು' ಕೊಟ್ಟರೆ ಎರರ್. ಹಾರ್ನ್‌ಬಿಗಿಂತ ಮುಂಚಿನ ಡಿಕ್ಷನರಿಗಳು ಫಂಕ್ಷನ್ ಏನು ಮಾಡುತ್ತೆ ಅನ್ನೋ ಕಾಮೆಂಟ್ ಮಾತ್ರ ಬರೆದಿಡ್ತಾ ಇದ್ದವು ಅಂದುಕೊಳ್ಳಿ. ಹಾರ್ನ್‌ಬಿ ಪ್ರತಿ ವರ್ಬ್‌ಗೂ ಅದರ ಡಿಕ್ಲರೇಷನ್ ಬರೆದರು. ವರ್ಬ್ ಪಕ್ಕದಲ್ಲಿ ಅದು ಒಪ್ಪಿಕೊಳ್ಳೋ ಪ್ಯಾಟರ್ನ್‌ಗಳ ನಂಬರ್, ಆಮೇಲೆ ಉದಾಹರಣೆ ವಾಕ್ಯ.

1937ರಲ್ಲಿ ಡಿಕ್ಷನರಿ ಕೆಲಸ ಶುರುವಾಯಿತು. ಜೊತೆಗೆ ಜಪಾನಿನಲ್ಲೇ ಪಾಠ ಮಾಡ್ತಾ ಇದ್ದ ಇನ್ನಿಬ್ಬರು ಬ್ರಿಟಿಷ್ ಮೇಷ್ಟ್ರು, ಗೇಟನ್‌ಬಿ ಮತ್ತು ವೇಕ್‌ಫೀಲ್ಡ್. ಮೂವರು ಮೇಷ್ಟ್ರು, ಕಂಪ್ಯೂಟರ್ ಇಲ್ಲ. 1940ರ ಹೊತ್ತಿಗೆ ಕೆಲಸ ಮುಗೀತು.

ವಿದೇಶಿ ಕಲಿಕೆದಾರರಿಗೆ ಅಂತಲೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿಗಳಲ್ಲಿ ಇದೇ ಮೊದಲಲ್ಲ ಅನ್ನೋದನ್ನೂ ಹೇಳಬೇಕು. 1935ರಲ್ಲೇ ಮೈಕಲ್ ವೆಸ್ಟ್ ಒಂದು ಡಿಕ್ಷನರಿ ತಂದಿದ್ದರು. ವೆಸ್ಟ್ ನಮ್ಮ ಕಡೆಯವರೇ ಅನ್ನಬಹುದು, ಆಗಿನ ಬಂಗಾಳದ ಢಾಕಾದಲ್ಲಿ ಟೀಚರ್ ಟ್ರೇನಿಂಗ್ ಕಾಲೇಜು ನಡೆಸ್ತಾ ಇದ್ದವರು. ಅವರ ಜಾಣತನ ಬೇರೆ ತರಹದ್ದು. ಬರೀ 1,490 ಪದಗಳನ್ನ ಬಳಸಿ ಉಳಿದ ಎಲ್ಲಾ ಪದಗಳಿಗೂ ಅರ್ಥ ಹೇಳಿದರು. ಅದು ಓದುವವರಿಗೆ ಸಹಾಯ. ಹಾರ್ನ್‌ಬಿ ಯೋಚನೆ ಮಾಡಿದ್ದು ಬರೆಯೋರ ಬಗ್ಗೆ, ಮಾತಾಡೋರ ಬಗ್ಗೆ. ವಿಕ್ಟರಿ ಸ್ಟ್ಯಾಂಡ್ ಮೇಲೆ ಯಾರನ್ನ ನಿಲ್ಲಿಸಬೇಕು ಅಂತ ಕೇಳಿದರೆ ನಾನು ಹಾರ್ನ್‌ಬಿಯನ್ನೇ ಆರಿಸ್ತೀನಿ, ಯಾಕಂದ್ರೆ ಓದುವಾಗ ಅರ್ಥ ಆಗದಿದ್ದರೆ ನಮಗೆ ಮಾತ್ರ ಗೊತ್ತು, ಮಾತಾಡುವಾಗ ತಪ್ಪಿದರೆ ಊರಿಗೆಲ್ಲಾ ಗೊತ್ತು.

ಇನ್ನೊಂದು ಸಣ್ಣ ಆದ್ರೆ ಬಹಳ ಉಪಯೋಗದ ಕೆಲಸ ಆ ಡಿಕ್ಷನರಿಯಲ್ಲಿತ್ತು. ಯಾವ ನೌನ್ ಎಣಿಸಬಹುದು, ಯಾವುದು ಆಗಲ್ಲ ಅಂತ ಒಂದೊಂದು ನೌನ್‌ಗೂ ಗುರುತು ಹಾಕಿದರು. ಜಪಾನೀಸ್ ಭಾಷೆಯಲ್ಲಿ ಸಾಮಾನ್ಯವಾಗಿ ಏಕವಚನ ಬಹುವಚನ ಅಂತ ನೌನ್ ಬದಲಾಗಲ್ಲ, ಹಾಗಾಗಿ ಅಲ್ಲಿನವರಿಗೆ ಇದು ದೊಡ್ಡ ತಲೆನೋವು. ನಮಗೂ ಕಡಿಮೆ ಏನಲ್ಲ. ಲ್ಯಾಬ್ ರೆಕಾರ್ಡ್‌ಗಳನ್ನ ತೆಗೆದು ನೋಡಿ, 'ಇಕ್ವಿಪ್‌ಮೆಂಟ್ಸ್ ರಿಕ್ವೈರ್ಡ್' ಅಂತ ಹೆಡಿಂಗ್ ಎಷ್ಟು ಕಡೆ ಸಿಗುತ್ತೆ ಅಂತ. ಇಕ್ವಿಪ್‌ಮೆಂಟ್, ಇನ್‌ಫರ್ಮೇಷನ್, ಅಡ್ವೈಸ್, ಫರ್ನಿಚರ್ ಯಾವುದಕ್ಕೂ 'ಎಸ್' ಇಲ್ಲ. ಮೆಷಿನ್‌ಗೆ 'ಎಸ್' ಇದೆ, ಮೆಷಿನರಿಗೆ ಇಲ್ಲ.

ಪುಸ್ತಕ ರೆಡಿ, ಟೋಕಿಯೋದ ಕೈತಾಕುಶಾ ಅನ್ನೋ ಪ್ರಕಾಶಕರ ಕೈಯಲ್ಲಿದೆ. ಅಷ್ಟರಲ್ಲಿ 1941ರ ಡಿಸೆಂಬರ್. ಪರ್ಲ್ ಹಾರ್ಬರ್. ಒಂದೇ ದಿನದಲ್ಲಿ ಬ್ರಿಟನ್ ಜಪಾನಿಗೆ ಶತ್ರು ದೇಶವಾಯಿತು. ಹದಿನೇಳು ವರ್ಷ ಅಲ್ಲಿ ಪಾಠ ಮಾಡಿದ ಹಾರ್ನ್‌ಬಿಯನ್ನ ನಿರ್ಬಂಧದಲ್ಲಿ ಇಟ್ಟರು. ಇಂಗ್ಲಿಷ್ ಶತ್ರುವಿನ ಭಾಷೆ ಅಂತ ಜಪಾನಿನಲ್ಲಿ ದೊಡ್ಡ ಪ್ರಚಾರ ನಡೀತು. ಎಲ್ಲಿವರೆಗೆ ಅಂದ್ರೆ, ಬೇಸ್‌ಬಾಲ್ ಆಟದಲ್ಲಿ ಬಳಸೋ ಇಂಗ್ಲಿಷ್ ಪದಗಳನ್ನೂ ತೆಗೆದು ಜಪಾನೀಸ್ ಪದ ಹಾಕಿದರು. ಇಂಥ ಸಮಯದಲ್ಲಿ, 1942ರಲ್ಲಿ, ಕೈತಾಕುಶಾ ಆ ಡಿಕ್ಷನರಿಯನ್ನ ಪ್ರಕಟ ಮಾಡಿತು. ಇಡಿಯಮ್ಯಾಟಿಕ್ ಅಂಡ್ ಸಿಂಟ್ಯಾಕ್ಟಿಕ್ ಇಂಗ್ಲಿಷ್ ಡಿಕ್ಷನರಿ ಅಂತ ಅದರ ಮೊದಲ ಹೆಸರು. ಬಾಯಿ ತಿರುಗದ ಹೆಸರು, ಆದ್ರೆ ಒಳಗೇನಿದೆ ಅಂತ ಸರಿಯಾಗಿ ಹೇಳುತ್ತೆ. ಈ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಬರೋದು ಈ ಪ್ರಕಾಶಕರ ಮೇಲೆ. ಲಾಭದ ಲೆಕ್ಕದಲ್ಲಿ ನೋಡಿದರೂ, ಭಯದ ಲೆಕ್ಕದಲ್ಲಿ ನೋಡಿದರೂ ಆ ವರ್ಷ ಆ ಪುಸ್ತಕ ಪ್ರಿಂಟ್ ಮಾಡೋಕೆ ಕಾರಣವೇ ಸಿಗಲ್ಲ.

ಅದೇ ವರ್ಷ ಹಾರ್ನ್‌ಬಿಯನ್ನ ಜಪಾನ್ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳಿಸಿತು. ಅವರು ಇಂಗ್ಲೆಂಡಿನಲ್ಲಿ ಸುಮ್ಮನೆ ಕೂರಲಿಲ್ಲ. ಬ್ರಿಟಿಷ್ ಕೌನ್ಸಿಲ್ ಅವರನ್ನ ಇರಾನಿಗೆ ಕಳಿಸಿತು, ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಪಾಠ. 1945ರಲ್ಲಿ ಲಂಡನ್ನಿಗೆ ವಾಪಸ್ ಬಂದು ಕೌನ್ಸಿಲ್‌ನಲ್ಲೇ ಭಾಷಾ ಸಲಹೆಗಾರರಾದರು. 1946ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಲ್ಯಾಂಗ್ವೇಜ್ ಟೀಚಿಂಗ್ ಅಂತ ಒಂದು ಪತ್ರಿಕೆ ಶುರು ಮಾಡಿದರು, 1950ರವರೆಗೆ ತಾವೇ ಎಡಿಟರ್ ಆಗಿದ್ದರು. ಇಎಲ್‌ಟಿ ಜರ್ನಲ್ ಅನ್ನೋ ಹೆಸರಲ್ಲಿ ಅದು ಈಗಲೂ ಬರ್ತಾ ಇದೆ.

ಡಿಕ್ಷನರಿಯ ಕಥೆ ಏನಾಯ್ತು? ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನ ತಗೊಂಡಿತು. ಹೊಸದಾಗಿ ಟೈಪ್ ಜೋಡಿಸೋಕೆ ಹೋಗಲಿಲ್ಲ. ಟೋಕಿಯೋದಲ್ಲಿ ಅಚ್ಚಾದ ಪುಟಗಳದ್ದೇ ಫೋಟೋ ತೆಗೆದು 1948ರಲ್ಲಿ ಎ ಲರ್ನರ್ಸ್ ಡಿಕ್ಷನರಿ ಆಫ್ ಕರೆಂಟ್ ಇಂಗ್ಲಿಷ್ ಅಂತ ಹೊರಗೆ ತಂದರು. ಅಂದ್ರೆ ಆಕ್ಸ್‌ಫರ್ಡ್ ಹೆಸರಲ್ಲಿ ಜಗತ್ತು ಓದಿದ್ದು, ಜಪಾನಿನ ಕಂಪೋಸಿಟರ್‌ಗಳು ಯುದ್ಧದ ನಡುವೆ ಮೊಳೆ ಜೋಡಿಸಿ ಮಾಡಿದ ಪುಟಗಳನ್ನೇ. 1952ರಲ್ಲಿ ಹೆಸರಿಗೆ 'ಅಡ್ವಾನ್ಸ್ಡ್' ಸೇರಿತು.

1950ರ ನಂತರ ಹಾರ್ನ್‌ಬಿ ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿದರು. 1954ರಲ್ಲಿ ಎ ಗೈಡ್ ಟು ಪ್ಯಾಟರ್ನ್ಸ್ ಅಂಡ್ ಯೂಸೇಜ್ ಇನ್ ಇಂಗ್ಲಿಷ್ ಬಂತು. ವರ್ಬ್ ಪ್ಯಾಟರ್ನ್‌ಗಳ ಬಗ್ಗೆ ಒಂದೇ ಪುಸ್ತಕ ಓದಬೇಕು ಅಂದ್ರೆ ಇದನ್ನೇ ಓದಿ. ಒಂದೊಂದು ಪ್ಯಾಟರ್ನ್‌ಗೂ ಒಂದು ಟೇಬಲ್, ಕಾಲಂಗಳಲ್ಲಿ ವಾಕ್ಯದ ತುಂಡುಗಳು. ವಿವರಣೆ ಕಡಿಮೆ, ಉದಾಹರಣೆ ಜಾಸ್ತಿ. ಡೇಟಾಶೀಟ್ ಓದಿ ಅಭ್ಯಾಸ ಇರೋರಿಗೆ ತಕ್ಷಣ ಹಿಡಿಸುತ್ತೆ.

ಆ ಪುಸ್ತಕದಲ್ಲಿ ಬರೋ ತರಹದ ವಿಷಯಗಳಲ್ಲಿ ಕನ್ನಡದವರಿಗೆ ಅನುಕೂಲ ಇರೋ ಜಾಗಗಳೂ ಇವೆ. 'ಹೀ ಸ್ಟಾಪ್ಡ್ ಡ್ರಿಂಕಿಂಗ್ ಟೀ' ಮತ್ತು 'ಹೀ ಸ್ಟಾಪ್ಡ್ ಟು ಡ್ರಿಂಕ್ ಟೀ', ಇವೆರಡರ ವ್ಯತ್ಯಾಸ ಎಷ್ಟೋ ಭಾಷೆಯವರಿಗೆ ಗೊಂದಲ. ಕನ್ನಡದಲ್ಲಿ ಹೇಳಿ ನೋಡಿ. ಮೊದಲನೇದು 'ಟೀ ಕುಡಿಯೋದನ್ನ ನಿಲ್ಲಿಸಿದ', ಅಂದ್ರೆ ಟೀ ಬಿಟ್ಟ. ಎರಡನೇದು 'ಟೀ ಕುಡಿಯೋಕೆ ನಿಂತ', ಅಂದ್ರೆ ದಾರಿಯಲ್ಲಿ ಅಂಗಡಿ ಕಂಡು ನಿಂತ. 'ಓದನ್ನ' ಬಂದ್ರೆ 'ಇಂಗ್', 'ಓಕೆ' ಬಂದ್ರೆ 'ಟು'. 'ರಿಮೆಂಬರ್' ಕೂಡ ಹಾಗೇ. 'ಐ ರಿಮೆಂಬರ್ ಲಾಕಿಂಗ್ ದ ರೂಮ್' ಅಂದ್ರೆ ರೂಮಿಗೆ ಬೀಗ ಹಾಕಿದ್ದು ನೆನಪಿದೆ, ಬೀಗ ಬಿದ್ದಾಗಿದೆ. 'ರಿಮೆಂಬರ್ ಟು ಲಾಕ್ ದ ರೂಮ್' ಅಂದ್ರೆ ಮರೀದೇ ಬೀಗ ಹಾಕು, ಇನ್ನೂ ಹಾಕಿಲ್ಲ. ಆದ್ರೆ ಈ ಟ್ರಿಕ್ ಎಲ್ಲಾ ಕಡೆ ನಂಬಬೇಡಿ. 'ಆಡೋಕೆ ಇಷ್ಟಪಡ್ತಾನೆ' ಅನ್ನೋದನ್ನ 'ಎಂಜಾಯ್ಸ್ ಟು ಪ್ಲೇ' ಮಾಡಿದರೆ ಕೆಟ್ಟಿತು. 'ಲೈಕ್ಸ್' ಆದ್ರೆ ಎರಡೂ ನಡೆಯುತ್ತೆ. ಕೊನೆಗೆ ಆಯಾ ವರ್ಬ್ ಅನ್ನೇ ಕೇಳಬೇಕು.

ಹಾರ್ನ್‌ಬಿ ಇನ್ನೊಂದು ವಿಷಯಕ್ಕೂ ಒತ್ತು ಕೊಟ್ಟವರು. ಹೊಸ ವಾಕ್ಯರಚನೆಯನ್ನ ಮೊದಲು ರೂಲ್ ಹೇಳಿ ಕಲಿಸಬಾರದು, ಕ್ಲಾಸಿನಲ್ಲೇ ಒಂದು ಸನ್ನಿವೇಶ ಮಾಡಿ ತೋರಿಸಬೇಕು. ಬಾಗಿಲ ಹತ್ತಿರ ನಡೆದುಹೋಗ್ತಾ ನಾನು ಬಾಗಿಲ ಕಡೆ ಹೋಗ್ತಾ ಇದ್ದೀನಿ ಅಂತ ಇಂಗ್ಲಿಷಿನಲ್ಲಿ ಹೇಳೋದು, ತೆಗೀತಾ ತೆಗೀತಾ ಇದ್ದೀನಿ ಅನ್ನೋದು. ಸುಲಭದ ಪ್ಯಾಟರ್ನ್ ಮೊದಲು, ಕಷ್ಟದ್ದು ಆಮೇಲೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶದ ಶಾಲೆಗಳಿಗೆ ಬಂದ ಸ್ಟ್ರಕ್ಚರಲ್ ಸಿಲಬಸ್ ಇದೇ ಯೋಚನೆಯದ್ದು. ನಮ್ಮ ಅಪ್ಪ ಅಮ್ಮನ ಕಾಲದವರನ್ನ ಕೇಳಿ, 'ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್' ಅಂತ ಇಡೀ ಕ್ಲಾಸ್ ಒಟ್ಟಿಗೆ ಕೂಗಿದ್ದು ನೆನಪಿರುತ್ತೆ. ನಮ್ಮೆಲ್ಲರ ಮನೆಯಲ್ಲಿರೋ ರೆನ್ ಅಂಡ್ ಮಾರ್ಟಿನ್ ಗ್ರಾಮರ್ ಪುಸ್ತಕದ ಪರಿಷ್ಕೃತ ಎಡಿಷನ್‌ನಲ್ಲೂ ವರ್ಬ್ ಪ್ಯಾಟರ್ನ್ಸ್ ಅಂತ ಒಂದು ಭಾಗ ಇದೆ. ಕೊನೇ ಕಡೆ ಇರೋದರಿಂದ ಪೋರ್ಷನ್ ಅಲ್ಲಿಗೆ ಮುಟ್ಟೋದೇ ಇಲ್ಲ.

ಡಿಕ್ಷನರಿಯಿಂದ ದುಡ್ಡು ಬಂತು. 1961ರಲ್ಲಿ ಹಾರ್ನ್‌ಬಿ ತಮ್ಮ ರಾಯಲ್ಟಿಯ ದೊಡ್ಡ ಭಾಗವನ್ನ ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಬೇರೆ ಬೇರೆ ದೇಶಗಳಲ್ಲಿ ಇಂಗ್ಲಿಷ್ ಪಾಠ ಮಾಡೋ ಮೇಷ್ಟ್ರುಗಳು ಬ್ರಿಟನ್ನಿಗೆ ಬಂದು ಓದೋಕೆ ಆ ಹಣ. ಪುಸ್ತಕ ಕೊಂಡವರು ಇಂಗ್ಲಿಷ್ ಮಾತೃಭಾಷೆ ಅಲ್ಲದವರು, ಹಾಗಾಗಿ ಹಣ ಅವರಿಗೇ ವಾಪಸ್ ಹೋಗಲಿ ಅನ್ನೋ ಲೆಕ್ಕ ಅದರಲ್ಲಿ ನನಗೆ ಕಾಣುತ್ತೆ. ಹಾರ್ನ್‌ಬಿ ಸ್ಕಾಲರ್‌ಶಿಪ್ ಇವತ್ತಿಗೂ ಇದೆ.

ಎರಡನೇ ಎಡಿಷನ್ 1963ರಲ್ಲಿ, ಮೂರನೇದು 1974ರಲ್ಲಿ. ಮೂರನೇದು ಬರೋ ಹೊತ್ತಿಗೆ ಅವರಿಗೆ 75 ದಾಟಿತ್ತು, ಆಗಲೂ 25 ಪ್ಯಾಟರ್ನ್‌ಗಳನ್ನ ಬಿಚ್ಚಿ, ಮರುಜೋಡಿಸಿ, ಒಳಗೆ ಎ, ಬಿ, ಸಿ ಅಂತ ಉಪವಿಭಾಗ ಮಾಡ್ತಾ ಇದ್ದರು. 1978ರಲ್ಲಿ ಅವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಗೆಳೆಯರು, ಶಿಷ್ಯರು ಸೇರಿ ಒಂದು ಅಭಿನಂದನಾ ಗ್ರಂಥ ತಂದರು. ಅದೇ ವರ್ಷ ಸೆಪ್ಟೆಂಬರ್ 13ರಂದು ಹಾರ್ನ್‌ಬಿ ತೀರಿಕೊಂಡರು.

ಅವರ ಕೆಲಸದಲ್ಲಿ ಕೊರತೆ ಇರಲಿಲ್ವಾ? ಇತ್ತು. ಪ್ಯಾಟರ್ನ್‌ಗಳಿಗೆ ನಂಬರ್ ಕೊಟ್ಟಿದ್ದರಿಂದ, ಒಂದು ವರ್ಬ್ ಮುಂದೆ 6 ಅಂತಲೋ 17 ಅಂತಲೋ ಕಂಡರೆ ಡಿಕ್ಷನರಿಯ ಮೊದಲ ಪುಟಗಳಿಗೆ ತಿರುಗಿಸಿ ಅದು ಏನು ಅಂತ ಹುಡುಕಬೇಕು. ಪಾಯಿಂಟರ್ ಹಿಡ್ಕೊಂಡು ಮೆಮೊರಿಯಲ್ಲಿ ಅಲೆದ ಹಾಗೆ. ಬಹಳಷ್ಟು ವಿದ್ಯಾರ್ಥಿಗಳಿಗೆ ಅಷ್ಟು ತಾಳ್ಮೆ ಇರಲ್ಲ. ಹಾರ್ನ್‌ಬಿ ತೀರಿಕೊಂಡ ವರ್ಷವೇ ಲಾಂಗ್‌ಮನ್ ಕಂಪನಿ ತನ್ನ ಪ್ರತಿಸ್ಪರ್ಧಿ ಡಿಕ್ಷನರಿಯನ್ನ ಬೇರೆ ತರಹದ ಕೋಡ್‌ಗಳ ಜೊತೆ ತಂದಿತು. 1989ರ ನಾಲ್ಕನೇ ಎಡಿಷನ್‌ನಲ್ಲಿ ಆಕ್ಸ್‌ಫರ್ಡ್ ಕೂಡ ನಂಬರ್ ಬಿಟ್ಟು ಅಕ್ಷರಗಳ ಕೋಡ್‌ಗೆ ಹೋಯಿತು. ಈಗಂತೂ ಕೋಡ್‌ನ ತಂಟೆಯೇ ಕಡಿಮೆ, 'ಸಜೆಸ್ಟ್' ಅಂತ ಹುಡುಕಿದರೆ ಅದರ ಮುಂದೆ ಬರೋ ರೂಪಗಳನ್ನ ಪೂರ್ತಿ ಪದಗಳಲ್ಲೇ ತೋರಿಸುತ್ತೆ.

ಇನ್ನೂ ದೊಡ್ಡ ಪ್ರಶ್ನೆ ಎದ್ದಿದ್ದು ನಮ್ಮ ಬೆಂಗಳೂರಿನಲ್ಲಿ. 1979ರಲ್ಲಿ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸ್ ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಪ್ಯಾಟರ್ನ್ ಮೇಲೆ ಪ್ಯಾಟರ್ನ್ ಇಟ್ಟು ಡ್ರಿಲ್ ಮಾಡಿಸಿದರೂ ಮಕ್ಕಳಿಗೆ ಭಾಷೆ ಬರ್ತಾ ಇಲ್ಲವಲ್ಲ ಅನ್ನೋದು ಅವರ ಪ್ರಶ್ನೆ. ಅದಕ್ಕೆ ಗ್ರಾಮರ್ ಸಿಲಬಸ್ಸನ್ನೇ ಬಿಟ್ಟು, ರೈಲ್ವೆ ಟೈಮ್‌ಟೇಬಲ್ ಓದಿ ಉತ್ತರ ಹುಡುಕೋದು, ಮ್ಯಾಪ್ ನೋಡಿ ದಾರಿ ಹೇಳೋದು, ಇಂಥ ಕೆಲಸಗಳನ್ನ ಇಂಗ್ಲಿಷಿನಲ್ಲಿ ಕೊಟ್ಟರು. ಮನಸ್ಸು ಅರ್ಥದ ಮೇಲಿದ್ದಾಗ ಗ್ರಾಮರ್ ತಾನಾಗಿ ಒಳಗೆ ಕೂರುತ್ತೆ ಅನ್ನೋದು ವಾದ. 1984ರವರೆಗೆ ನಡೆದ ಇದು ಭಾಷೆ ಕಲಿಸೋರ ಜಗತ್ತಿನಲ್ಲಿ ಬ್ಯಾಂಗಲೋರ್ ಪ್ರಾಜೆಕ್ಟ್ ಅಂತಲೇ ಫೇಮಸ್. ಪ್ರಭು ಹೇಳಿದ್ದು ಎಂಟು ಹತ್ತು ವರ್ಷದ ಮಕ್ಕಳಿಗೆ, ವರ್ಷಗಟ್ಟಲೆ ಟೈಮ್ ಇರೋರಿಗೆ ಸರಿ ಅಂತ ನನಗನಿಸುತ್ತೆ. ಮುಂದಿನ ವಾರ ಇಂಟರ್ವ್ಯೂ ಇದೆ, ಇವತ್ತು ರಾತ್ರಿ ಮೇಲ್ ಬರೀಬೇಕು ಅನ್ನೋರಿಗೆ ಹಾರ್ನ್‌ಬಿಯೇ ಗತಿ.

ಕೊನೆಗೆ ನಮ್ಮ ಬ್ರಾಂಚ್‌ಗಳಿಗೆ ಸಂಬಂಧ ಪಟ್ಟ ಒಂದು ವಿಷಯ. ವಿದ್ಯಾರ್ಥಿಗಳಿಗೆ ಬೇಜಾರಾಗಿದ್ದ ಆ ನಂಬರ್ ಕೋಡ್‌ಗಳು ಕಂಪ್ಯೂಟರ್‌ಗೆ ಬಹಳ ಹಿಡಿಸಿದವು. 1974ರ ಎಡಿಷನ್ನಿನ ಪದಗಳನ್ನ, ಉಚ್ಚಾರಣೆ, ವರ್ಬ್ ಪ್ಯಾಟರ್ನ್ ಕೋಡ್‌ಗಳ ಸಮೇತ, ಕಂಪ್ಯೂಟರ್ ಓದೋ ಫೈಲ್ ಮಾಡಿ ಆಕ್ಸ್‌ಫರ್ಡ್ ಟೆಕ್ಸ್ಟ್ ಆರ್ಕೈವ್‌ನಲ್ಲಿ ಇಟ್ಟರು. ಸುಮಾರು 70,000 ಎಂಟ್ರಿಗಳು. ಇಂಗ್ಲಿಷ್ ಸ್ಪೆಲ್ಲಿಂಗ್, ವ್ಯಾಕರಣದ ಮೇಲೆ ಪ್ರೋಗ್ರಾಂ ಬರೀತಾ ಇದ್ದ ಸಂಶೋಧಕರು ಅದನ್ನ ಬಳಸಿದರು. ಫೈಲ್ ತೆರೆದರೆ ಒಂದೊಂದು ವರ್ಬ್ ಸಾಲಿನ ಕೊನೆಯಲ್ಲಿ ಓಯಿಟಾದ ಮೇಷ್ಟ್ರು ಕೊಟ್ಟ ನಂಬರ್‌ಗಳು ಸಾಲಾಗಿ ಕೂತಿವೆ.